ಹೊಸ ಭಾಷೆ ಕಟ್ಟುವುದು: ಮೊದಲು ವ್ಯಾಕರಣ, ಆಮೇಲೆ ಪದಕೋಶ

ಹೊಸ ಭಾಷೆಯನ್ನು ಕಟ್ಟಲು ಹೊರಟವರಲ್ಲಿ ಹಲವರು ಮೊದಲಿಗೇ ಕನ್ನಡ ಪದಗಳ ಪಟ್ಟಿ ಮಾಡಿ, ಪ್ರತಿಯೊಂದರ ಎದುರು ತೋಚಿದ ಸದ್ದೊಂದನ್ನು ಬರೆಯತೊಡಗುತ್ತಾರೆ. ಇದರಿಂದ ಕೈಗೆ ಸಿಗುವುದು ಕನ್ನಡದ್ದೇ ಒಂದು ಗುಪ್ತ ಸಂಕೇತ ಮಾತ್ರ. ಪದಕೋಶದ ಕೆಲಸವನ್ನು ತಡವಾಗಿ ಆರಂಭಿಸುವುದೇ ಲೇಸು.

ಉದ್ದೇಶವನ್ನು ಮೊದಲು ಗೊತ್ತುಮಾಡಿಕೊಳ್ಳಿ. 1887ರಲ್ಲಿ ವಾರ್ಸಾದಿಂದ ಎಸ್ಪೆರಾಂಟೊವನ್ನು ಪ್ರಕಟಿಸಿದ ನೇತ್ರವೈದ್ಯ ಜಾಮೆನ್‌ಹೋಫ್ ಅವರಿಗೆ ಯಾರಾದರೂ ಬೇಗ ಕಲಿಯಬಹುದಾದ ಭಾಷೆ ಬೇಕಿತ್ತು. ಆದ್ದರಿಂದ ವ್ಯಾಕರಣವನ್ನು 16 ನಿಯಮಗಳಲ್ಲಿ ಅಡಕಗೊಳಿಸಿದರು. ಹಾಲಿವುಡ್ಡಿನ ಅನ್ಯಗ್ರಹವಾಸಿ ಪಾತ್ರಗಳಿಗಾಗಿ ಕ್ಲಿಂಗಾನ್ ಭಾಷೆಯನ್ನು ಹೆಣೆದ ಭಾಷಾವಿಜ್ಞಾನಿ ಮಾರ್ಕ್ ಒಕ್ರಾಂಡ್ ಅವರು ಕಿವಿಗೆ ಅಪರಿಚಿತವೆನಿಸಲೆಂದೇ ಕರ್ಮ, ಕ್ರಿಯಾಪದ, ಕರ್ತೃ ಎಂಬ ಅತಿ ಅಪರೂಪದ ಪದಕ್ರಮವನ್ನು ಆರಿಸಿಕೊಂಡರು.

ಬಳಿಕ ಧ್ವನಿಗಳನ್ನು ಆರಿಸಿ. ಎಂಟು ವ್ಯಂಜನ, ಐದು ಸ್ವರ ಇಟ್ಟುಕೊಂಡು, ಒಂದು ಉಚ್ಚಾರಾಂಶದಲ್ಲಿ ಒಂದು ವ್ಯಂಜನ, ಒಂದು ಸ್ವರ, ಬೇಕಿದ್ದರೆ ಕೊನೆಗೊಂದು ನಕಾರ ಎಂದು ನಿಯಮ ಮಾಡಿದರೆ 80 ಉಚ್ಚಾರಾಂಶಗಳೂ, ಅವುಗಳನ್ನು ಎರಡೆರಡು ಜೋಡಿಸಿದಾಗ 6400 ಪದರೂಪಗಳೂ ದೊರೆಯುತ್ತವೆ. ಇಷ್ಟು ಧಾರಾಳವಾಗಿ ಸಾಕು.

ವ್ಯಾಕರಣದಲ್ಲಿ ಒಂದು ಆಯ್ಕೆ ಇನ್ನೊಂದನ್ನು ಎಳೆದು ತರುತ್ತದೆ. ಕನ್ನಡ, ಜಪಾನಿ, ಟರ್ಕಿಯಂತೆ ಕ್ರಿಯಾಪದ ಕೊನೆಗೆ ಬರುವ ಭಾಷೆಗಳಲ್ಲಿ ‘ಮೇಲೆ’, ‘ಜೊತೆ’ ಮುಂತಾದವು ಸಾಮಾನ್ಯವಾಗಿ ನಾಮಪದದ ನಂತರ ಬರುತ್ತವೆ. ಕ್ರಿಯಾಪದದಿಂದ ಆರಂಭವಾಗುವ ವೆಲ್ಶ್‌ನಲ್ಲಿ ಅಂಥವು ನಾಮಪದದ ಮೊದಲು ಬರುತ್ತವೆ. ಇದನ್ನು ಮುರಿಯಬಾರದೆಂದಿಲ್ಲ, ಮುರಿಯುವಾಗ ತಿಳಿದು ಮುರಿಯಬೇಕು. ಆಮೇಲೆ, ನಿಮ್ಮ ಭಾಷೆ ಯಾವ ಭೇದಗಳನ್ನು ಕಡ್ಡಾಯವಾಗಿ ಹೇಳಿಸುತ್ತದೆ ಎಂಬುದನ್ನು ತೀರ್ಮಾನಿಸಿ. ಕೇಳುಗನನ್ನು ಸೇರಿಸಿದ ‘ನಾವು’ ತುಳುವಿನಲ್ಲಿ ‘ನಮ’, ಸೇರಿಸದ್ದು ‘ಎಂಕುಲು’. ಕನ್ನಡದಲ್ಲಿ ಈ ಭೇದ ಉಳಿದಿಲ್ಲ. ‘ಬಂದನಂತೆ’ ಎಂಬಲ್ಲಿನ ‘ಅಂತೆ’ ಸುದ್ದಿ ಕೇಳಿ ತಿಳಿದದ್ದೆಂದು ಸಾರುತ್ತದೆ. ಕಂಡದ್ದಕ್ಕೆ, ಊಹಿಸಿದ್ದಕ್ಕೆ ಬೇರೆ ಬೇರೆ ಪ್ರತ್ಯಯಗಳನ್ನೂ ನೀವು ಕೊಡಬಹುದು. ನನ್ನ ದೃಷ್ಟಿಯಲ್ಲಿ ಭಾಷೆಗೆ ಸ್ವಂತ ಮುಖ ಬರುವುದು ಈ ಹಂತದಲ್ಲೇ.

ಈಗ ಪದಗಳು. ಕೆಲವು ನೂರು ಧಾತುಗಳನ್ನಷ್ಟೇ ಸೃಷ್ಟಿಸಿ, ಉಳಿದದ್ದನ್ನು ಪ್ರತ್ಯಯಗಳಿಂದ ಬೆಳೆಸಿ. ಎಸ್ಪೆರಾಂಟೊದಲ್ಲಿ ‘ಬೋನ’ ಎಂದರೆ ಒಳ್ಳೆಯ, ‘ಮಾಲ್‌ಬೋನ’ ಎಂದರೆ ಕೆಟ್ಟ. ‘ಲೆರ್ನಿ’ ಎಂದರೆ ಕಲಿಯುವುದು, ಸ್ಥಳಸೂಚಕ ಪ್ರತ್ಯಯ ಸೇರಿದ ‘ಲೆರ್ನೇಯೊ’ ಎಂದರೆ ಶಾಲೆ. ಅರ್ಥದ ಗಡಿಗಳನ್ನೂ ನೀವೇ ಎಳೆಯಿರಿ: ಅಕ್ಕ, ತಂಗಿ ಇಬ್ಬರಿಗೂ ಇಂಗ್ಲಿಷಿಗೆ ‘ಸಿಸ್ಟರ್’ ಒಂದೇ ಸಾಕು, ನಿನ್ನೆ ಮತ್ತು ನಾಳೆ ಎರಡಕ್ಕೂ ಹಿಂದಿಗೆ ‘ಕಲ್’ ಸಾಕು.

ಕಥೆ, ಕಾದಂಬರಿಗಾಗಿ ಕಟ್ಟುವ ಭಾಷೆಯಾದರೆ ಅದಕ್ಕೆ ವಯಸ್ಸನ್ನೂ ಕೊಡಬೇಕು. ಧ್ವನಿನಿಯಮವೊಂದನ್ನು ಮಾಡಿ, ಹಳೆಯ ಪದಗಳೆಲ್ಲಕ್ಕೂ ಅನ್ವಯಿಸಿ. ಹಳಗನ್ನಡದ ಪಾಲ್, ಪುಲಿ, ಪೂ ಎಂಬವು ಹಾಲು, ಹುಲಿ, ಹೂವು ಆದದ್ದು ಪದಾದಿಯ ಪಕಾರ ಹಕಾರವಾದದ್ದರಿಂದ. ಆದರೆ ಅಪ್ಪ, ಉಪ್ಪು ಮುಂತಾದವುಗಳ ನಡುವಿನ ಒತ್ತಕ್ಷರ ಹಾಗೆಯೇ ಉಳಿಯಿತು, ‘ಪುಸ್ತಕ’ದಂಥ ಸಂಸ್ಕೃತ ಎರವಲೂ ಬದಲಾಗಲಿಲ್ಲ. ಹೊರನೋಟಕ್ಕೆ ಅನಿಯಮಿತವಾಗಿ ಕಾಣುವ ಇಂಥ ರೂಪಗಳಿಗೆ ಒಳಗೆ ಕಾರಣವಿದ್ದರೆ ಓದುಗರಿಗೆ ಭಾಷೆ ಸಹಜವೆನಿಸುತ್ತದೆ. ಅಲ್ಲಲ್ಲಿ ಬೇಕೆಂದೇ ತುರುಕಿದ ಅಪವಾದಗಳಿಗೆ ಆ ಗುಣವಿಲ್ಲ.

ಕೊನೆಗೆ ಅನುವಾದ ಮಾಡಿ ಪರೀಕ್ಷಿಸಿ. ಧ್ವನಿವಿಜ್ಞಾನಿಗಳು ಭಾಷೆಗಳ ಮಾದರಿಗಾಗಿ ಬಳಸುತ್ತ ಬಂದಿರುವ ಗಾಳಿ ಮತ್ತು ಸೂರ್ಯರ ಪಂಥದ ಕಿರುಕಥೆ ಇದಕ್ಕೆ ಅನುಕೂಲ. ಹೋಲಿಕೆ, ಷರತ್ತು, ಕಾರಣ, ಕಾಲ ಎಲ್ಲವೂ ಅದರಲ್ಲಿ ಎದುರಾಗುತ್ತವೆ. ‘ಇವನಿಗಿಂತ ಬಲಶಾಲಿ’ ಎನ್ನಲು ದಾರಿಯೇ ಇಲ್ಲವೆಂದು ಕಂಡಾಗ ಹೊಸ ಪದ ಹುಡುಕದೆ ವ್ಯಾಕರಣಕ್ಕೆ ಮರಳಿ, ಹೋಲಿಕೆಯ ನಿಯಮವನ್ನು ಬರೆದು, ಅದಕ್ಕೆ ಎರಡು ಮಾದರಿ ವಾಕ್ಯಗಳನ್ನು ಸೇರಿಸಿದ ಮೇಲೆಯೇ ಮುಂದಿನ ಸಾಲಿಗೆ ಹೋಗಿ.