ಅಂಟಿಕೊಂಡ ಪಾಯಿಂಟ್: ಮೀನಿನ ತೊಟ್ಟಿಗೆ ಹೀಟರ್ ಆರಿಸಿದ ನನ್ನ ಅನುಭವ

ಬಳ್ಳಾರಿಯಲ್ಲಿ ಮೀನಿನ ತೊಟ್ಟಿಗೆ ಹೀಟರ್ ಬೇಕೆಂದು ಕೇಳಿದರೆ ಅಂಗಡಿಯವರೇ ನಗುತ್ತಾರೆ. ನಾನು ಮೊದಲ ಸಲ ಕೇಳಿದಾಗ, "ಈ ಊರಾಗ ಮೀನಿಗೆ ಹೀಟರ್ ಯಾಕ್ರೀ ಅಣ್ಣಾರ, ಮೇ ತಿಂಗಳಾಗ ಒಂದು ಕೂಲರ್ ಇಡ್ರಿ, ಸಾಕು" ಎಂದಿದ್ದರು. ಅವರ ಮಾತಿನಲ್ಲಿ ಮುಕ್ಕಾಲು ಪಾಲು ಸತ್ಯವಿತ್ತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ವರ್ಷದ ಹೆಚ್ಚಿನ ದಿನಗಳಲ್ಲಿ ನೀರನ್ನು ಕಾಯಿಸುವ ಚಿಂತೆಯೇ ಇರುವುದಿಲ್ಲ. ಉಳಿದ ಕಾಲು ಪಾಲು ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳದ್ದು. ಹಗಲು ಚುರುಗುಟ್ಟುವ ಬಿಸಿಲಿದ್ದರೂ ನಸುಕಿನಲ್ಲಿ ಹೊರಗಿನ ಗಾಳಿ 15–16 ಡಿಗ್ರಿಗೆ ಇಳಿಯುತ್ತದೆ. ಆ ದಿನಗಳಲ್ಲಿ ನಮ್ಮ ಪಡಸಾಲೆಯ ತೊಟ್ಟಿಯ ನೀರು ಸಂಜೆ 25 ಡಿಗ್ರಿ ಇದ್ದದ್ದು ಬೆಳಗಾಗುವಷ್ಟರಲ್ಲಿ 21ಕ್ಕೆ ಬಂದಿರುತ್ತಿತ್ತು. 24ರಿಂದ 28 ಡಿಗ್ರಿಯ ನಡುವೆ ಹಾಯಾಗಿರುವ ಏಂಜಲ್ ಮೀನುಗಳಿಗೆ ಈ ದಿನನಿತ್ಯದ ಏರಿಳಿತ ಚಳಿಗಿಂತಲೂ ಹೆಚ್ಚು ಹಾನಿಕರ. ಮೊದಲ ಚಳಿಗಾಲದಲ್ಲಿಯೇ ಅವುಗಳ ಮೈಮೇಲೆ ರವೆ ಚೆಲ್ಲಿದಂತೆ ಬಿಳಿ ಚುಕ್ಕಿ ರೋಗ ಕಾಣಿಸಿಕೊಂಡಿತು. ಗೋಲ್ಡ್‌ಫಿಶ್ ಮಾತ್ರ ಸಾಕುವವರಿಗೆ ಈ ತಾಪತ್ರಯವಿಲ್ಲ, ಅವು ತಂಪು ನೀರಿನ ಮೀನುಗಳು.

ನಾನು ವೃತ್ತಿಯಿಂದ ಮೋಟಾರ್ ರಿವೈಂಡಿಂಗ್ ಮಾಡುವವನು. ಹೊಲದ ಪಂಪ್‌ಸೆಟ್‌ಗಳು, ಹಿಟ್ಟಿನ ಗಿರಣಿಯ ಮೋಟಾರ್‌ಗಳು, ಅವುಗಳ ಸ್ಟಾರ್ಟರ್‌ಗಳು ನನ್ನ ಕೈಗೆ ಬರುತ್ತವೆ. ಮೀನಿನ ತೊಟ್ಟಿ ಮಗಳ ಆಸೆಗೆ ಬಂದದ್ದು: ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರ. ಜಲ್ಲಿಕಲ್ಲು ಹಾಸಿ, ಮೇಲೆ ಎರಡು ಬೆರಳು ಖಾಲಿ ಬಿಟ್ಟರೆ ಸುಮಾರು 90 ಲೀಟರ್ ನೀರು ಹಿಡಿಯುತ್ತದೆ. ಕಡಪಾ ಕಲ್ಲಿನ ಕಟ್ಟೆಯ ಮೇಲೆ ಥರ್ಮೋಕೋಲ್ ಹಾಳೆ ಹಾಸಿ ಕೂರಿಸಿದ್ದೇವೆ.

ಮೊದಲ ಹೀಟರ್ ಕೊಳ್ಳುವಾಗ ನಾನು ಮಾಡಿದ ತಪ್ಪು, ಮೋಟಾರ್ ಕೊಳ್ಳುವವರಿಗೆ ನಾನೇ ಮಾಡಬೇಡಿರೆಂದು ಹೇಳುವ ತಪ್ಪು. ದೊಡ್ಡದಿದ್ದರೆ ಶ್ರಮವಿಲ್ಲದೆ ಕೆಲಸ ಮಾಡುತ್ತದೆ, ಬಾಳಿಕೆಯೂ ಬರುತ್ತದೆ ಎಂದುಕೊಂಡು 200 ವ್ಯಾಟಿನ ಗಾಜಿನ ಕೊಳವೆಯ ಹೀಟರ್ ತಂದೆ. ತಲೆಯ ಮೇಲಿನ ತಿರುಗಣೆಯನ್ನು 26ಕ್ಕೆ ಇಟ್ಟೆ. ಒಂದು ಚಳಿಗಾಲ ಅದು ನಿಷ್ಠೆಯಿಂದ ದುಡಿಯಿತು. ಎರಡನೆಯ ಚಳಿಗಾಲದ ಒಂದು ರಾತ್ರಿ ಒಂಬತ್ತೂವರೆಗೆ ದೀಪ ಆರಿಸಿ ಮಲಗಿದೆವು. ಬೆಳಗ್ಗೆ ಆರಕ್ಕೆ ಎದ್ದಾಗ ಗಾಜಿನ ಒಳಮೈ ಬೆವೆತಿತ್ತು, ಥರ್ಮಾಮೀಟರ್ 36 ತೋರಿಸುತ್ತಿತ್ತು, ಹೀಟರಿನ ಕೆಂಪು ದೀಪ ಇನ್ನೂ ಉರಿಯುತ್ತಲೇ ಇತ್ತು. ನಾಲ್ಕು ಏಂಜಲ್‌ಗಳೂ ಮಗ್ಗುಲಾಗಿ ತೇಲುತ್ತಿದ್ದವು. ನೀರಿನ ಮೇಲ್ಪದರದಲ್ಲಿ ಬಾಯಿ ತೆರೆದು ಉಸಿರಿಗೆ ಹೆಣಗುತ್ತಿದ್ದ ಕೆಲವು ಗಪ್ಪಿ ಎಂಬ ಸಣ್ಣ ಮೀನುಗಳು ಮಾತ್ರ ಉಳಿದಿದ್ದವು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಆ ಮೀನುಗಳ ಮೇಲೆ ಬಿದ್ದದ್ದು ಒಂದಲ್ಲ, ಎರಡು ಪೆಟ್ಟು.

ಆ ಹೀಟರನ್ನು ನಾನು ಎಸೆಯಲಿಲ್ಲ. ಅಂಗಡಿಗೆ ಒಯ್ದು, ಬಟ್ಟೆಯಲ್ಲಿ ಸುತ್ತಿ, ಗಾಜನ್ನು ಹುಷಾರಾಗಿ ಒಡೆದು, ಒಳಗಿನ ಥರ್ಮೋಸ್ಟಾಟನ್ನು ಹೊರತೆಗೆದೆ. ಕಿರುಬೆರಳಿನ ಉಗುರಿನಷ್ಟು ಅಗಲದ ಒಂದು ಜೋಡಿಲೋಹದ ಪಟ್ಟಿ, ಅದರ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಪಾಯಿಂಟ್, ಅಂದರೆ ಕರೆಂಟ್ ಕೂಡಿಸುವ ಲೋಹದ ಬಿಂದು, ಎದುರಿಗೆ ಅಂಥದೇ ಇನ್ನೊಂದು ಪಾಯಿಂಟ್. ಒಂದಕ್ಕೊಂದು ಬೆಸೆದ ಎರಡು ಬಗೆಯ ಲೋಹಗಳು ಶಾಖಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ, ಪಾಯಿಂಟ್ ಬಿಡುತ್ತದೆ, ಕರೆಂಟ್ ನಿಲ್ಲುತ್ತದೆ. ತಣಿದಾಗ ಮತ್ತೆ ಕೂಡುತ್ತದೆ. ಪ್ರತಿ ಸಲ ಬಿಡುವಾಗಲೂ ಸಣ್ಣ ಕಿಡಿ ಹಾರುತ್ತದೆ. ನಾನು ನೋಡಿದಾಗ ಆ ಎರಡು ಪಾಯಿಂಟ್‌ಗಳು ಕಪ್ಪಾಗಿ, ಕರಗಿ, ಒಂದೇ ಗುಂಡಾಗಿದ್ದವು. ಸ್ಕ್ರೂಡ್ರೈವರ್ ತುದಿಯಿಂದ ಮೀಟಿದ ಮೇಲೆ ಟಕ್ ಎಂದು ಬಿಟ್ಟುಕೊಂಡವು. ಪಂಪ್‌ಸೆಟ್ ಸ್ಟಾರ್ಟರ್‌ಗಳಲ್ಲಿ ಇಂಥ ಅಂಟಿಕೊಂಡ ಪಾಯಿಂಟ್‌ಗಳನ್ನು ನೂರಾರು ಕಂಡಿದ್ದವನಿಗೆ ಮನೆಯ ತೊಟ್ಟಿಯಲ್ಲಿಯೂ ಅದೇ ಇದೆ ಎಂಬುದು ಹೊಳೆದಿರಲಿಲ್ಲ. ದೊಡ್ಡ ಹೀಟರ್ ನೀರನ್ನು ಬೇಗ ಕಾಯಿಸಿ ಬೇಗ ನಿಲ್ಲುತ್ತದೆ, ಆದ್ದರಿಂದ ಹೆಚ್ಚು ಸಲ ಕೂಡಿ ಬಿಡುತ್ತದೆ, ಹೆಚ್ಚು ಕರೆಂಟನ್ನು ಕಡಿಯುತ್ತದೆ, ಹೆಚ್ಚು ಕಿಡಿ ಕಾರುತ್ತದೆ. ಬಾಳಿಕೆಗೆಂದು ದೊಡ್ಡದನ್ನು ತಂದ ನನ್ನ ಲೆಕ್ಕ ಬುಡದಲ್ಲಿಯೇ ತಪ್ಪಾಗಿತ್ತು.

ಅಂದಿನಿಂದ ನಾನು ಹೀಟರನ್ನು ಅದು ಎಷ್ಟು ಚೆನ್ನಾಗಿ ಕಾಯಿಸುತ್ತದೆ ಎಂದು ನೋಡುವುದಿಲ್ಲ, ಕೆಟ್ಟರೆ ಯಾವ ರೀತಿಯಲ್ಲಿ ಕೆಡುತ್ತದೆ ಎಂದು ನೋಡುತ್ತೇನೆ. ಉರಿಯದೆ ಕೆಟ್ಟರೆ ಬಳ್ಳಾರಿಯ ಚಳಿಯಲ್ಲಿ ನನಗೆ ಎರಡು ದಿನದ ಕಾಲಾವಕಾಶ ಸಿಗುತ್ತದೆ. ಆರದೆ ಕೆಟ್ಟರೆ ಒಂದು ರಾತ್ರಿಯೂ ಸಿಗುವುದಿಲ್ಲ.

ಇದಕ್ಕೆ ಒಂದು ಸರಳ ಲೆಕ್ಕವಿದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 4,186 ಜೌಲ್ ಶಕ್ತಿ ಬೇಕು. ನನ್ನ 90 ಲೀಟರಿಗೆ 100 ವ್ಯಾಟಿನ ಹೀಟರ್ ಹಾಕಿದರೆ ಡಿಗ್ರಿಗೆ ಒಂದು ಗಂಟೆಗಿಂತ ತುಸು ಹೆಚ್ಚು, 200 ವ್ಯಾಟಿಗೆ ಅರ್ಧ ಗಂಟೆ, 50 ವ್ಯಾಟಿಗೆ ಎರಡು ಗಂಟೆ. ಶಾಖ ಚೂರೂ ಸೋರದಿದ್ದರೆ ಆ ರಾತ್ರಿಯ ಎಂಟೂವರೆ ಗಂಟೆಗಳಲ್ಲಿ 200 ವ್ಯಾಟ್ ನೀರನ್ನು 42ಕ್ಕೆ ಒಯ್ಯಬೇಕಿತ್ತು. ಗಾಜಿನಿಂದಲೂ ಮೇಲ್ಮೈಯಿಂದಲೂ ಸೋರಿದ್ದರಿಂದ 36ಕ್ಕೆ ನಿಂತಿತ್ತು. ಅದೇ ಜಾಗದಲ್ಲಿ 50 ವ್ಯಾಟಿನದು ಅಂಟಿಕೊಂಡಿದ್ದರೆ ಬೆಳಗಿನ ಹೊತ್ತಿಗೆ ನೀರು 30 ಡಿಗ್ರಿಯನ್ನು ಕಷ್ಟಪಟ್ಟು ಮುಟ್ಟುತ್ತಿತ್ತು, ಮೀನುಗಳು ಬದುಕಿರುತ್ತಿದ್ದವು.

ಲೀಟರಿಗೆ ಒಂದು ವ್ಯಾಟ್ ಎಂಬುದು ಎಲ್ಲೆಡೆ ಚಾಲ್ತಿಯಲ್ಲಿರುವ ಸೂತ್ರ. ಕೊರೆಯುವ ಚಳಿಯ ಊರುಗಳಿಗೆ ಅದು ಸರಿಯಿರಬಹುದು. ನಮಗೆ ಬೇಕಾಗಿರುವುದು ಕೋಣೆಗಿಂತ ನಾಲ್ಕೈದು ಡಿಗ್ರಿ ಮಾತ್ರ. ನಾನು ತೊಟ್ಟಿಗೆ ಗಾಜಿನ ಮುಚ್ಚಳ ಹಾಕಿ 50 ವ್ಯಾಟಿನ ಎರಡು ಹೀಟರ್ ತಂದೆ, ಒಂದನ್ನು ನೀರಿಗಿಳಿಸಿ ಇನ್ನೊಂದನ್ನು ಕಪಾಟಿನಲ್ಲಿಟ್ಟೆ. ಅತ್ಯಂತ ಚಳಿಯ ರಾತ್ರಿಯಲ್ಲಿಯೂ ನೀರು 24ರಿಂದ ಕೆಳಗಿಳಿಯಲಿಲ್ಲ. ಮುಚ್ಚಳವನ್ನು ಹಗುರವಾಗಿ ಎಣಿಸಬೇಡಿ. ನಮ್ಮ ಒಣಹವೆಯಲ್ಲಿ ತೆರೆದ ತೊಟ್ಟಿ ಹೀಟರ್ ಕೊಟ್ಟ ಶಾಖದ ದೊಡ್ಡ ಪಾಲನ್ನು ಆವಿಯ ರೂಪದಲ್ಲಿ ಗಾಳಿಗೆ ಕೊಟ್ಟುಬಿಡುತ್ತದೆ.

ವೋಲ್ಟೇಜಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 230 ವೋಲ್ಟಿನಲ್ಲಿ 100 ವ್ಯಾಟ್ ಕೊಡುವುದು 190ಕ್ಕೆ ಇಳಿದಾಗ 68 ವ್ಯಾಟ್ ಮಾತ್ರ ಕೊಡುತ್ತದೆ, 260ಕ್ಕೆ ಏರಿದಾಗ 128 ಕೊಡುತ್ತದೆ. ಸಂಜೆ ಕರೆಂಟ್ ಇಳಿಯುವ ಬಡಾವಣೆಯಲ್ಲಿ ಇರುವವರು ಇದನ್ನು ಲೆಕ್ಕಕ್ಕೆ ಹಿಡಿದೇ ವ್ಯಾಟ್ ಆರಿಸಬೇಕು.

ನಡುವೆ ಒಂದು ಡಿಜಿಟಲ್ ಹೀಟರನ್ನೂ ಪ್ರಯೋಗಿಸಿದೆ. ಅಂಕಿ ತೋರಿಸುವ ಅಂದವಾದ ವಸ್ತು. ಆದರೆ ಕರೆಂಟ್ ಹೋಗಿ ಬಂದ ಮೇಲೆ ಅದು ತಾನಾಗಿ ಚಾಲೂ ಆಗುತ್ತಿರಲಿಲ್ಲ, ಯಾರಾದರೂ ಗುಂಡಿ ಒತ್ತಬೇಕಿತ್ತು. ನಾಲ್ಕನೆಯ ದಿನವೇ ಹಿಂತಿರುಗಿಸಿದೆ. ಡಿಜಿಟಲ್ ಕೊಳ್ಳುವವರು ಅಂಗಡಿಯಲ್ಲಿಯೇ ಪ್ಲಗ್ ಕಿತ್ತು ಮತ್ತೆ ಹಾಕಿಸಿ, ಇಟ್ಟ ಅಂಕಿ ಉಳಿದಿದೆಯೇ, ತಾನಾಗಿ ಉರಿಯುತ್ತದೆಯೇ ಎಂದು ನೋಡಬೇಕು.

ಹೊಸ ಹೀಟರ್ ತಂದ ದಿನ ನಾನು ಮೊದಲು ಮಲ್ಟಿಮೀಟರ್ ಹಿಡಿಯುತ್ತೇನೆ. ತಿರುಗಣೆಯನ್ನು ಪೂರ್ತಿ ಏರಿಸಿ, ಪಾಯಿಂಟ್ ಕೂಡಿದ ಸ್ಥಿತಿಯಲ್ಲಿ ಪ್ಲಗ್ಗಿನ ಎರಡು ಪಿನ್‌ಗಳ ನಡುವಿನ ರೋಧ ಅಳೆಯುತ್ತೇನೆ. 50 ವ್ಯಾಟಿನದು 1,058 ಓಮ್ ಆಸುಪಾಸು, 100 ವ್ಯಾಟಿನದು 529 ಓಮ್ ಆಸುಪಾಸು ತೋರಿಸಬೇಕು. 100 ವ್ಯಾಟ್ ಎಂದು ಮುದ್ರಿಸಿದ್ದ ಒಂದು ಅಗ್ಗದ ಹೀಟರ್ 700 ಓಮ್ ತೋರಿಸಿತು, ಅಂದರೆ ಅದು 75 ವ್ಯಾಟಿನ ಸರಕು. ಡಬ್ಬಿಯ ಮೇಲೆ ಇಷ್ಟು ಸುಳ್ಳು ಬರೆದವರು ಒಳಗಿನ ಪಾಯಿಂಟಿಗೆ ಎಂಥ ಲೋಹ ಹಾಕಿರಬಹುದೆಂದು ಊಹಿಸಿ ಅದನ್ನು ಮರಳಿಸಿದೆ. ಈ ಅಳತೆ ತಿರುಗಣೆಯ ಹೀಟರಿಗೆ ಮಾತ್ರ ಸಲ್ಲುತ್ತದೆ, ಡಿಜಿಟಲ್‌ನಲ್ಲಿ ನಡುವೆ ಸರ್ಕ್ಯೂಟ್ ಇರುತ್ತದೆ.

ಅದಾದ ಮೇಲೆ ಮೂರು ದಿನ ಬಕೆಟ್ ಪರೀಕ್ಷೆ. 15 ಲೀಟರ್ ನೀರಿನಲ್ಲಿ ಹೀಟರ್, ಜೊತೆಗೆ ಏರ್ ಪಂಪಿನ ಗುಳ್ಳೆಕಲ್ಲು. ನೀರು ಆಡದಿದ್ದರೆ ಬಿಸಿ ಮೇಲೇರಿ ನಿಂತು ಅಳತೆ ತಪ್ಪುತ್ತದೆ. 50 ವ್ಯಾಟಿಗೆ ಸುಮಾರು 20 ನಿಮಿಷಕ್ಕೆ ಒಂದು ಡಿಗ್ರಿ ಏರಬೇಕು. ಎಷ್ಟರಲ್ಲಿ ಆರುತ್ತದೆ, ಎಷ್ಟಕ್ಕಿಳಿದಾಗ ಮತ್ತೆ ಹೊತ್ತುತ್ತದೆ ಎಂಬುದನ್ನು ಮಗಳು ತನ್ನ ರಫ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ತಿರುಗಣೆಯ ಅಂಕಿಗೂ ಥರ್ಮಾಮೀಟರಿಗೂ ಎರಡು ಡಿಗ್ರಿ ವ್ಯತ್ಯಾಸವಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಇವತ್ತು 26ಕ್ಕೆ, ನಾಳೆ 29ಕ್ಕೆ ಆರುವ ಹೀಟರನ್ನು ಒಪ್ಪುವುದಿಲ್ಲ. ಮೂರನೆಯ ದಿನ ಒರೆಸಿ ಬೆಳಕಿಗೆ ಹಿಡಿದಾಗ ಕೊಳವೆಯ ಒಳಗೆ ಒಂದು ಹನಿ ನೀರು ಕಂಡರೂ ಅದು ಕಸದ ಬುಟ್ಟಿಗೆ.

ಇಷ್ಟೆಲ್ಲ ಆದರೂ ಹೀಟರಿನ ಸ್ವಂತ ಥರ್ಮೋಸ್ಟಾಟನ್ನು ನಾನು ಒಂಟಿಯಾಗಿ ನಂಬುವುದಿಲ್ಲ. ಎಸ್‌ಟಿಸಿ-1000 ಮಾದರಿಯ ತಾಪಮಾನ ಕಂಟ್ರೋಲರನ್ನು ಪ್ಲಾಸ್ಟಿಕ್ ಸ್ವಿಚ್ ಪೆಟ್ಟಿಗೆಯಲ್ಲಿ ಕೂರಿಸಿ ಎರಡು ಸಾಕೆಟ್ ಕೊಟ್ಟಿದ್ದೇನೆ, ಒಂದು ಕಾಯಿಸಲು, ಒಂದು ತಣಿಸಲು. ಕಂಟ್ರೋಲರ್ 25ಕ್ಕೆ, ವ್ಯತ್ಯಾಸ 1 ಡಿಗ್ರಿ, ಅಂದರೆ 24ಕ್ಕೆ ಇಳಿದಾಗ ಹೀಟರ್ ಹೊತ್ತಿ 25ಕ್ಕೆ ಆರುತ್ತದೆ. ಹೀಟರಿನ ತಿರುಗಣೆ 27ಕ್ಕೆ. ದಿನನಿತ್ಯ ಕೂಡಿ ಬಿಡುವ ಕೆಲಸ ಕಂಟ್ರೋಲರಿನ ಒಳಗಿನ ಸ್ವಿಚ್ ಆದ ರಿಲೇಯದು, ಹೀಟರಿನ ಪಾಯಿಂಟ್ ಸುಮ್ಮನೆ ಕೂಡಿಕೊಂಡೇ ಇರುತ್ತದೆ, ಸವೆಯುವುದಿಲ್ಲ. ಎರಡೂ ಒಂದೇ ರಾತ್ರಿ ಅಂಟಿಕೊಂಡರೆ ಮಾತ್ರ ಅಪಾಯ. ಇದರ ಬೆಲೆ ನನಗೆ ತಿಳಿದದ್ದು ಕಳೆದ ಜನವರಿಯಲ್ಲಿ. ಮಗಳು ಬಲೆ ಆಡಿಸುವಾಗ ಕಂಟ್ರೋಲರಿನ ಸೆನ್ಸರ್ ತಂತಿ ನೀರಿನಿಂದ ಹೊರಗೆ ಬಿದ್ದಿತ್ತು, ಯಾರೂ ನೋಡಿರಲಿಲ್ಲ. ಅದು ಕೋಣೆಯ 21 ಡಿಗ್ರಿಯನ್ನು ಓದುತ್ತಾ ಹೀಟರಿಗೆ ಕರೆಂಟ್ ಕೊಡುತ್ತಲೇ ಇತ್ತು. ಬೆಳಗ್ಗೆ ನೀರು 27ರಲ್ಲಿ ನಿಂತಿತ್ತು. ಈಗ ಸೆನ್ಸರ್ ತಂತಿಯನ್ನು ಎರಡು ಸಕ್ಷನ್ ಕಪ್ ಹಾಕಿ ಬಿಗಿದಿದ್ದೇನೆ.

ಜೋಡಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೀಟರ್ ಫಿಲ್ಟರಿನ ನೀರು ಹರಿಯುವ ಕಡೆ, ಜಲ್ಲಿಗೆ ತಾಗದಂತೆ ಅಡ್ಡಲಾಗಿ ಇರಲಿ. ವೈರ್ ಸಾಕೆಟ್ಟಿಗಿಂತ ಕೆಳಗೆ ಜೋಲಿ ಬಿದ್ದು ಮೇಲೇರಲಿ, ಆಗ ವೈರ್ ಹಿಡಿದು ಬಂದ ಹನಿ ಸಾಕೆಟ್ ಸೇರದೆ ನೆಲಕ್ಕೆ ಬೀಳುತ್ತದೆ. ಹೆಚ್ಚಿನ ಹೀಟರ್‌ಗಳಿಗೆ ಎರಡು ಪಿನ್ನಿನ ಪ್ಲಗ್ ಇರುವುದರಿಂದ ಆ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಇಲ್ಲದೆ ನೀರಿಗೆ ಕೈ ಹಾಕುವುದನ್ನು ನಾನು ಯಾರಿಗೂ ಹೇಳಲಾರೆ. ನೀರು ಬದಲಿಸುವ 20 ನಿಮಿಷ ಮೊದಲೇ ಪ್ಲಗ್ ಕೀಳಬೇಕು, ಕಾದ ಗಾಜು ಗಾಳಿಗೆ ಬಂದು ಮತ್ತೆ ತಣ್ಣೀರು ತಗುಲಿದರೆ ಸೀಳುತ್ತದೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕೊಳವೆಯ ಮೇಲೆ ಸುಣ್ಣದ ಬಿಳಿ ಪದರ ಕಟ್ಟುತ್ತದೆ, ಶಾಖ ನೀರಿಗೆ ಹೋಗದೆ ಕೊಳವೆಯಲ್ಲಿಯೇ ಉಳಿದು ಒಳಗಿನ ಸುರುಳಿ ಬೇಗ ಸುಟ್ಟುಹೋಗುತ್ತದೆ. ತಿಂಗಳಿಗೊಮ್ಮೆ ನಿಂಬೆಹೋಳಿನಿಂದ ಉಜ್ಜಿ ತೊಳೆದರೆ ಅದು ಬಿಡುತ್ತದೆ.

ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೋಗುತ್ತದೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಹೀಟರ್ ತೊಟ್ಟಿಯಿಂದ ಮೇಲೇಳುವುದೂ ಆ ವಾರದಲ್ಲಿಯೇ. ಒಣಗಿಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ವೈರಿಗೆ ಅಂಟಿಸಿದ ಚೀಟಿಯಲ್ಲಿ ಎಷ್ಟನೆಯ ಚಳಿಗಾಲ ಮುಗಿಯಿತೆಂದು ಬರೆದಿಡುತ್ತೇನೆ. ಮೂರು ಮುಗಿದದ್ದು ನೀರಿಗೆ ಮರಳುವುದಿಲ್ಲ. ಆಮೇಲೆ ಕಂಟ್ರೋಲರನ್ನು 29ಕ್ಕೆ ಏರಿಸಿ, ತಣಿಸುವ ಸಾಕೆಟ್ಟಿಗೆ ಸಣ್ಣ ಫ್ಯಾನ್ ಸಿಕ್ಕಿಸಿ, ಗಾಜಿನ ಮುಚ್ಚಳ ತೆಗೆದು ಜಾಳಿಗೆ ಹೊದಿಸಿ, ನೀರಿನ ಮೇಲ್ಮೈಗೆ ಗಾಳಿ ಬೀಸುವಂತೆ ಇಡುತ್ತೇನೆ. ಅಂಗಡಿಯವರು ಹೇಳಿದ ಕೂಲರ್ ಅದೇ.