ಬೇಡ ಅಂದಿದ್ದು ನಾನೇ

ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆ ಹತ್ತಿರ ನಮ್ಮದೊಂದು ತೆರಿಗೆ ಲೆಕ್ಕದ ಆಫೀಸು. ನನ್ನನ್ನು ಬಿಟ್ಟು ಐದು ಜನ. ಗಿರಾಕಿಗಳಲ್ಲಿ ದಾಲ್ ಮಿಲ್‌ನವರೇ ಜಾಸ್ತಿ. ಕೇಳಿದ್ದಕ್ಕೆ ಉತ್ತರ ಬರೆದುಕೊಡುವ ಎಐ, ಚಾಟ್‌ಜಿಪಿಟಿ, ಬಂದಿದ್ದು 2022ರ ನವೆಂಬರ್ ಕೊನೆಗೆ. ಮುಂದಿನ ವರ್ಷ ನಮ್ಮ ಹುಡುಗರ ಫೋನಿಗೂ ಬಂತು. "ಆಫೀಸ್ ಕೆಲಸಕ್ಕೆ ಅದನ್ನು ಮುಟ್ಟಬೇಡಿ" ಅಂದುಬಿಟ್ಟೆ. ಎಲ್ಲರೂ ಸುಮ್ನೆ ತಲೆ ಆಡಿಸಿದರು.

ಒಂದು ದಿನ ಮಿಲ್ ಮಾಲೀಕರಿಗೆ ಹೋಗಬೇಕಿದ್ದ ಪತ್ರ ನನ್ನ ಟೇಬಲ್ಲಿಗೆ ಬಂತು. 'ತೊಗರಿ ಬೇಳೆಗೆ ಜಿಎಸ್‌ಟಿ ಇಲ್ಲ' ಅಂತ ಬರೆದಿತ್ತು. ಅದು ಅರ್ಧ ನಿಜ. 2022ರ ಜುಲೈ 18ರಿಂದ, ಲೇಬಲ್ ಹಚ್ಚಿದ 25 ಕೆ.ಜಿ. ವರೆಗಿನ ಪ್ಯಾಕೆಟ್‌ಗೆ ಶೇ 5 ತೆರಿಗೆ ಬಂದಿತ್ತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇರಲಿಲ್ಲ. ಆ ಮಿಲ್‌ನವರು ಮಾರುವುದೇ ಒಂದು ಕೆ.ಜಿ. ಪ್ಯಾಕೆಟ್. ಪತ್ರ ಹೋಗಿದ್ದರೆ ತೆರಿಗೆ, ಬಡ್ಡಿ, ದಂಡ ಎಲ್ಲ ಅವರ ತಲೆ ಮೇಲೆ ಬೀಳುತ್ತಿತ್ತು.

"ಯಾರು ಬರೆದಿದ್ದು?" ಅಂದೆ. ಯಾರೂ ಬಾಯಿ ಬಿಡಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಆಳಂದ ಕಡೆಯ ಹುಡುಗಿ ಬಂದು ನಿಂತಳು. "ಸರ್, ಫೋನಿನ್ಯಾಗ ಕೇಳಿ ಬರ್ದಿದ್ದೆ ರೀ. ನೀವು ಬೈತೀರಿ ಅಂತ ಹೇಳ್ಲಿಲ್ಲ."

ತಪ್ಪಿಗಿಂತ ಆ ಕೊನೆಯ ಮಾತು ನನಗೆ ಜಾಸ್ತಿ ಚುಚ್ಚಿತು. ನಾನು ಬೇಡ ಅಂದರೂ ಬಳಕೆ ನಿಂತಿರಲಿಲ್ಲ. ನನ್ನ ಕಣ್ಣಿಗೆ ಬೀಳದ ಹಾಗೆ ನಡೆದಿತ್ತು, ಅಷ್ಟೇ. ಗೊತ್ತಿದ್ದರೆ ತಾನೇ ನಾನು ಎರಡು ಸಲ ನೋಡುವುದು?

ಮರುದಿನ ಎಲ್ಲರ ಮುಂದೆ ನನ್ನ ಕಂಪ್ಯೂಟರಿನಲ್ಲೇ ಅದನ್ನು ತೆರೆದೆ. ಅದೇ ಪ್ರಶ್ನೆ ಕೇಳಿ, ಬಂದ ಉತ್ತರವನ್ನೂ ಸರ್ಕಾರದ ಅಧಿಸೂಚನೆಯನ್ನೂ ಅಕ್ಕಪಕ್ಕ ಇಟ್ಟು ಓದಿದೆವು. ನಿಯಮ ಎರಡೇ ಮಾಡಿಕೊಂಡೆವು. ಗಿರಾಕಿಯ ಜಿಎಸ್‌ಟಿ ನಂಬರ್, ಪ್ಯಾನ್, ಬ್ಯಾಂಕ್ ಖಾತೆ ಅದಕ್ಕೆ ಕೊಡಬಾರದು. ಅದರಿಂದ ಬರೆಸಿದ ಕಾಗದದ ಮೂಲೆಯಲ್ಲಿ 'ಎಐ' ಅಂತ ಗುರುತು ಹಾಕಬೇಕು. ಗುರುತು ಹಾಕಿದ ಕಾಗದದಲ್ಲಿ ತಪ್ಪು ಸಿಕ್ಕರೆ ಬೈಯುವುದಿಲ್ಲ ಅಂತ ಮಾತು ಕೊಟ್ಟೆ. ಮೊದಲ ವಾರ ಗುರುತಿದ್ದ ಕಾಗದ ಒಂದೇ ಒಂದು, ಅದೂ ನನ್ನದು. ಮೂರನೇ ವಾರಕ್ಕೆ ಆ ಹುಡುಗಿ ತನ್ನದನ್ನು ತಂದಿಟ್ಟಳು.

ಕಷ್ಟವಾಗಿದ್ದು ನಮ್ಮ ಆಫೀಸಿನ ಕಾಕಾ ವಿಷಯದಲ್ಲಿ. ಗಂಜಿನ ಅಡತ್ (ದಲ್ಲಾಳಿ) ಅಂಗಡಿಯಲ್ಲಿ ವರ್ಷಗಟ್ಟಲೆ ಲೆಕ್ಕ ಬರೆಯುವ ಮುನೀಮರಾಗಿದ್ದವರು. ತಮ್ಮ ಕೆಲಸ ಹೋಗುತ್ತದೆ ಅನ್ನುವ ಅಂಜಿಕೆ ಅವರಿಗೆ. "ಕಾಕಾ, ಅದರ ತಪ್ಪು ನೀವೇ ಹಿಡೀರಿ" ಅಂದೆ. ಒಂದು ಸಲ ಮಿಲ್‌ನ ಸ್ಟಾಕ್ ಪಟ್ಟಿಯನ್ನು ಇಂಗ್ಲಿಷಿಗೆ ಮಾಡಿಸಿದಾಗ 'ಚುನ್ನಿ' ಹೋಗಿ ದುಪಟ್ಟಾ ಆಗಿತ್ತು. "ಇದು ಬೇಳಿ ಒಡದಾಗ ಉಳಿಯೋ ಚುನ್ನಿ ರೀ ಸರ್. ದನ ತಿಂತಾವ" ಅಂದರು ಕಾಕಾ. ಹಿಂದಿಯಲ್ಲಿ ಚುನ್ನಿ ಅಂದರೆ ದುಪಟ್ಟಾ ಅಲ್ವಾ, ಅಲ್ಲೇ ಎಡವಿತ್ತು. ಪಶು ಆಹಾರದ ತೆರಿಗೆ ಬೇರೆ, ಬಟ್ಟೆಯದು ಬೇರೆ. ಗಂಜಿನ ಮಾತು ಗೊತ್ತಿಲ್ಲದವರಿಗೆ ಅದು ಸಿಗುತ್ತಲೇ ಇರಲಿಲ್ಲ.

ಕಾಕಾ ಇವತ್ತಿಗೂ ತಮ್ಮ ಫೋನಿಗೆ ಅದನ್ನು ಹಾಕಿಸಿಕೊಂಡಿಲ್ಲ. ಆದರೆ ಹುಡುಗರು ಪ್ರಿಂಟ್ ತೆಗೆದ ಕೂಡಲೇ ಮೊದಲು ಒಯ್ಯುವುದು ಅವರ ಟೇಬಲ್ಲಿಗೆ, ಆಮೇಲೆ ನನ್ನ ಹತ್ತಿರ.