ಹೊಗೆಯ ದಿನಗಳಿಗೆ ಒಂದು ಕೋಣೆ

ಕಾಡ್ಗಿಚ್ಚು ಎಲ್ಲೋ ದೂರದಲ್ಲಿ ಉರಿಯುತ್ತಿದ್ದರೂ ಹೊಗೆ ನೂರಾರು ಕಿಲೋಮೀಟರ್ ದಾಟಿ ಬರುತ್ತದೆ. 2023ರ ಜೂನ್‌ನಲ್ಲಿ ಕೆನಡಾದ ಕಾಡುಗಳ ಹೊಗೆ ನ್ಯೂಯಾರ್ಕಿನ ಆಕಾಶವನ್ನೇ ಕಿತ್ತಳೆ ಬಣ್ಣಕ್ಕೆ ತಿರುಗಿಸಿತ್ತು. ಬೆಂಕಿ ಆರಿಸುವುದು ನನ್ನಂಥ ನರ್ಸ್‌ಗೆ ಆಗುವ ಕೆಲಸವಲ್ಲ. ನಮ್ಮ ಸಣ್ಣ ಚಿಕಿತ್ಸಾಲಯಕ್ಕೆ ಬರುವ ಉಬ್ಬಸದವರು, ಹೃದ್ರೋಗಿಗಳು, ಗರ್ಭಿಣಿಯರು ಕುಳಿತುಕೊಳ್ಳುವ ಒಂದು ಕೋಣೆಯ ಗಾಳಿಯನ್ನಾದರೂ ಹಸನಾಗಿ ಇಡಬಹುದಲ್ಲ ಎಂದು ಆ ಕೆಲಸಕ್ಕೆ ಕೈಹಾಕಿದೆ.

ಇಡೀ ಕಟ್ಟಡವನ್ನು ಕಾಯಲು ಹೋಗಲಿಲ್ಲ. ಕಿಟಕಿಗಳು ಕಡಿಮೆ ಇರುವ ಕೋಣೆಯನ್ನು ಆರಿಸಿ, ಸಂದುಗಳಿಗೆ ಟೇಪ್ ಅಂಟಿಸಿ, ಬಾಗಿಲಿನ ಕೆಳಗೆ ಬಟ್ಟೆ ಸುತ್ತಿಟ್ಟೆ. ಆದರೆ ಮುಚ್ಚಿದ ಮಾತ್ರಕ್ಕೆ ಗಾಳಿ ಶುದ್ಧವಾಗುವುದಿಲ್ಲ, ಹೊಗೆ ನಿಧಾನವಾಗಿ ನುಸುಳುತ್ತಲೇ ಇರುತ್ತದೆ. ನಮಗೆ ಅಪಾಯ ತರುವುದು ಮುಖ್ಯವಾಗಿ ಪಿಎಂ 2.5, ಅಂದರೆ 2.5 ಮೈಕ್ರಾನ್‌ಗಿಂತ ದಪ್ಪವಿಲ್ಲದ ಕಣಗಳು (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. 24 ಗಂಟೆಗಳ ಸರಾಸರಿ ಒಂದು ಘನ ಮೀಟರಿಗೆ 15 ಮೈಕ್ರೋಗ್ರಾಂ ಮೀರಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ. ಹೊಗೆ ಕವಿದ ದಿನ ಈ ಮಿತಿ ಬೆಳಗಾಗುವುದರೊಳಗೇ ಮುರಿದಿರುತ್ತದೆ.

ಗಾಳಿಯಿಂದ ಸೂಕ್ಷ್ಮ ಕಣಗಳನ್ನು ಸೋಸುವ ಹೆಪಾ ಯಂತ್ರ ಕೊಳ್ಳುವಷ್ಟು ಹಣ ನಮ್ಮಲ್ಲಿರಲಿಲ್ಲ. ಅದರ ಬದಲು, ಗಾಳಿ ಸೋಸಲು ಮನೆಯಲ್ಲೇ ಮಾಡಿಕೊಳ್ಳಬಹುದಾದ, ಅಮೆರಿಕದ ರಿಚರ್ಡ್ ಕೋರ್ಸಿ ಮತ್ತು ಜಿಮ್ ರೋಸೆಂಥಾಲ್ ಅವರ ಹೆಸರಿನ ಪೆಟ್ಟಿಗೆಯನ್ನು ನಾನೇ ಕಟ್ಟಿದೆ. ಮರ್ವ್ 13 ದರ್ಜೆಯ (ಮರ್ವ್ ಎಂದರೆ ಫಿಲ್ಟರ್ ಕಣಗಳನ್ನು ಎಷ್ಟು ಚೆನ್ನಾಗಿ ಹಿಡಿಯುತ್ತದೆ ಎಂಬುದರ ಅಳತೆ) ನಾಲ್ಕು ಫಿಲ್ಟರ್‌ಗಳೇ ಗೋಡೆಗಳು, ತಳಕ್ಕೆ ರಟ್ಟು, ಮೇಲೆ ಗಾಳಿಯನ್ನು ಹೊರಕ್ಕೆ ಊದುವ ಚೌಕ ಫ್ಯಾನ್. ಫಿಲ್ಟರ್‌ಗಳ ಮೇಲಿನ ಬಾಣದ ಗುರುತು ಒಳಮುಖವಾಗಿರಬೇಕು, ಮೂಲೆಗಳಲ್ಲಿ ಟೇಪ್ ಸಡಿಲವಾಗಿರಬಾರದು. ಫ್ಯಾನಿನ ನಾಲ್ಕು ಮೂಲೆಗಳನ್ನು, ನಡುವೆ ವೃತ್ತಾಕಾರದ ತೂತು ಕತ್ತರಿಸಿದ ರಟ್ಟಿನಿಂದ ಮುಚ್ಚಿದರೆ ಗಾಳಿ ಅಲ್ಲಿಂದ ಹಿಂದಕ್ಕೆ ಜಾರುವುದಿಲ್ಲ. ಈ ಸಣ್ಣ ಕೆಲಸವನ್ನು ಅನೇಕರು ಬಿಟ್ಟುಬಿಡುತ್ತಾರೆ. ಫ್ಯಾನ್ ಹಳೆಯದಾಗಿದ್ದರೆ ಬೇಡವೇ ಬೇಡ, ಬಿಸಿಯಾಗುವ ಮೋಟಾರಿನ ಸುತ್ತ ರಟ್ಟು ಕಟ್ಟುವುದು ಬುದ್ಧಿವಂತಿಕೆಯಲ್ಲ.

ಫಿಲ್ಟರ್ ಕಪ್ಪಾದಾಗ ಬದಲಿಸಿದರೆ ಸಾಕು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಇಂಥ ಫಿಲ್ಟರ್‌ಗಳ ನಾರಿನಲ್ಲಿ ಸ್ಥಿರ ವಿದ್ಯುತ್ ಇರುತ್ತದೆ, ಸೂಕ್ಷ್ಮ ಕಣಗಳನ್ನು ಹಿಡಿಯಲು ಅದರ ನೆರವು ದೊಡ್ಡದು. ಹೊಗೆ ಕುಡಿದಷ್ಟೂ ಆ ಶಕ್ತಿ ಕುಂದುತ್ತದೆ. ಗಾಳಿ ಸಲೀಸಾಗಿಯೇ ಹಾದುಹೋಗುತ್ತಿರುತ್ತದೆ, ಕಣಗಳು ಮಾತ್ರ ಮೊದಲಿನಷ್ಟು ಸಿಕ್ಕಿಬೀಳುವುದಿಲ್ಲ. ಹಾಗಾಗಿ ಗಾಳಿಯಲ್ಲಿನ ಕಣಗಳನ್ನು ಅಳೆಯುವ ಅಗ್ಗದ ಎರಡು ಮಾಪಕಗಳನ್ನು ತಂದು ಒಂದನ್ನು ಹೊರಗೆ, ಒಂದನ್ನು ಒಳಗೆ ಇಟ್ಟಿದ್ದೇನೆ. ಇವು ಹೊಗೆಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುವುದುಂಟು. ನಾನು ನೋಡುವುದು ಎರಡರ ನಡುವಿನ ಅಂತರವನ್ನು. ಅಂತರ ಕಿರಿದಾಗತೊಡಗಿದರೆ ಮೊದಲು ಸಂದುಗಳನ್ನು, ಆಮೇಲೆ ಫಿಲ್ಟರ್‌ಗಳನ್ನು ಪರೀಕ್ಷಿಸುತ್ತೇನೆ. ಮೂಗನ್ನು ಮಾತ್ರ ನಂಬುವುದಿಲ್ಲ. ಈ ಪೆಟ್ಟಿಗೆ ಅನಿಲಗಳನ್ನು ಹಿಡಿಯದು, ಕಣಗಳು ಹೋದ ಮೇಲೂ ವಾಸನೆ ಉಳಿಯಬಹುದು. ಓಝೋನ್ ಬಿಡುವ ಯಂತ್ರ ತಂದು ವಾಸನೆ ಓಡಿಸುತ್ತೇನೆಂದವರಿಗೆ ಕೈಮುಗಿದು ಬೇಡವೆಂದೆ, ಓಝೋನ್ ಶ್ವಾಸಕೋಶಕ್ಕೇ ಹಾನಿಕರ.

ರೋಗಿಗಳಿಗೂ ಮನೆಯಲ್ಲಿ ಒಂದೇ ಕೋಣೆಯನ್ನು ಹೀಗೆ ಇಟ್ಟುಕೊಳ್ಳಿ ಎನ್ನುತ್ತೇನೆ. ಅಲ್ಲಿ ಮೇಣದಬತ್ತಿ, ಊದುಬತ್ತಿ, ಸಿಗರೇಟು ಯಾವುದೂ ಬೇಡ. ಕರಿಯುವ ಅಡುಗೆಯನ್ನೂ ಮುಂದೂಡಿ. ಹೊರಗೆ ಗಾಳಿ ತಿಳಿಯಾದ ಕೂಡಲೇ ಕಿಟಕಿ ತೆರೆಯಿರಿ. ಸೆಕೆ ವಿಪರೀತವಾದರೆ, ತಣ್ಣಗಾಗಲು ಬೇರೆ ದಾರಿಯಿಲ್ಲದಿದ್ದರೆ, ಮುಚ್ಚಿದ ಕೋಣೆಯಲ್ಲಿ ಬೇಯುವುದಕ್ಕಿಂತ ಬೇರೆ ಕಡೆಗೆ ಹೋಗುವುದೇ ಮೇಲು.

ಮಾಸ್ಕ್ ವಿಷಯದಲ್ಲಿ ವಾದ ಹೆಚ್ಚು. ಒದ್ದೆ ಕರವಸ್ತ್ರ ಈ ಕಣಗಳನ್ನು ತಡೆಯದು. ಎನ್95 ತಡೆಯುತ್ತದೆ, ಮುಖಕ್ಕೆ ಬಿಗಿಯಾಗಿ ಕೂತರೆ ಮಾತ್ರ.

“ಹಾಗಾದರೆ ಗಡ್ಡ ಬೋಳಿಸಬೇಕೇ ಸಿಸ್ಟರ್?” ಎಂದು ಹಿರಿಯರೊಬ್ಬರು ಗದರಿದರು.

“ಬೋಳಿಸಿ, ಇಲ್ಲವೇ ಒಳಗೇ ಇರಿ ಅಜ್ಜ. ಎರಡೂ ನನಗೆ ಒಪ್ಪಿಗೆ” ಎಂದೆ.

ಅವರು ಒಳಗೇ ಇದ್ದರು.

ಈಗ ಹೊಗೆಯ ಕಾಲಕ್ಕೆ ಮುಂಚೆಯೇ ಒಂಟಿಯಾಗಿರುವವರ ಪಟ್ಟಿ ಮಾಡಿ, ಇನ್ಹೇಲರ್ ಮುಗಿದಿದೆಯೇ ಎಂದು ಫೋನಿನಲ್ಲಿ ವಿಚಾರಿಸುತ್ತೇನೆ. ಮನೆಯಲ್ಲಿ ಕೋಣೆ ಸಿದ್ಧಮಾಡಿಕೊಳ್ಳಲಾಗದವರು ನಮ್ಮಲ್ಲಿಗೆ ಬಂದು ಕೂರುತ್ತಾರೆ. ಫ್ಯಾನಿನ ಸದ್ದು ಹೆಚ್ಚೆಂದು ಯಾರಾದರೂ ವೇಗ ತಗ್ಗಿಸಿದರೆ ನಾನು ಹೋಗಿ ಮತ್ತೆ ಏರಿಸುತ್ತೇನೆ.